ಮೊದಲ ಬ್ರೇಕಿಗೆ ಮಾತ್ರ ಬರುವ ‘ಧಡ್’: ಲಾರಿಯ ಮುಂಭಾಗದ ಒಂದು ಶಬ್ದ ಹುಡುಕಿದ ಕಥೆ

ಆ ಲಾರಿ ನನ್ನ ಹತ್ತಿರ ಬರುವಷ್ಟರಲ್ಲಿ ಅದರ ಮುಂಭಾಗದಲ್ಲಿ ಬದಲಾಯಿಸದೆ ಉಳಿದ ಪಾರ್ಟುಗಳೇ ಕಡಿಮೆ. ಎರಡೂ ಶಾಕ್ ಅಬ್ಸಾರ್ಬರ್ ಹೊಸದು. ಟೈ ರಾಡಿನ ಎರಡೂ ಎಂಡ್ ಹೊಸದು. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವ ಪಿನ್ನಿನ ಮೇಲೆ ಹೊರಳುತ್ತದೋ ಆ ಕಿಂಗ್ ಪಿನ್ನಿನ ಕಿಟ್ ಎರಡೂ ಕಡೆ ಹೊಸದು. ಶಬ್ದ ಮಾತ್ರ ಹೋಗಿರಲಿಲ್ಲ.

ಡ್ರೈವರ್ ಕ್ಯಾಬಿನ್‌ನಿಂದ ಇಳಿದವನೇ ಹೇಳಿದ. "ಅಣ್ಣಾ, ಮುಂದೆ ಎಲ್ಲೋ ಹೊಡೀತಾ ಇದೆ. ನನ್ನ ಕಾಲ ಕೆಳಗೇ ಬರುತ್ತೆ. ಮೂರು ಕಡೆ ತೋರಿಸಿದೆ. ಪ್ರತಿ ಸಲ ಒಂದೊಂದು ಪಾರ್ಟ್ ಹಾಕ್ತಾರೆ, ಎರಡು ದಿನ ಸುಮ್ನಿರುತ್ತೆ, ಮತ್ತೆ ಶುರು." ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ದಿನಕ್ಕೆ ಎಂಟು ಹತ್ತು ಗಂಟೆ ಆ ಶಬ್ದದ ಮೇಲೇ ಕೂತು ಓಡಿಸುವವನು ಅವನು. ಏನೋ ಕಳಚಿ ಬೀಳುತ್ತದೆ ಅನ್ನುವ ಭಯ ಇಟ್ಟುಕೊಂಡು ಸ್ಟೀರಿಂಗ್ ಹಿಡಿಯುವುದು ಸಣ್ಣ ಮಾತಲ್ಲ.

ಮೊದಲು ಗಾಡಿಯ ವಿವರ ಹೇಳಿಬಿಡುತ್ತೇನೆ. ಎರಡು ಆಕ್ಸಲ್‌ನ, ಮಧ್ಯಮ ಗಾತ್ರದ ಲಾರಿ. ಮುಂದೆ ಒಂದೇ ತುಂಡಿನ ಆಕ್ಸಲ್, ಅದರ ಮೇಲೆ ಎರಡೂ ಕಡೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್, ಎರಡನ್ನೂ ಜೋಡಿಸುವ ಆ್ಯಂಟಿ ರೋಲ್ ಬಾರ್, ಡ್ರಮ್ ಬ್ರೇಕು. ಡ್ರೈವರ್ ಸೀಟು ಬಲಕ್ಕೆ.

ಇಂಥ ದೂರು ಬಂದಾಗ ನಮ್ಮ ಕಸುಬಿನಲ್ಲಿ ಬಹಳ ಜನ ಮೊದಲು ಕೇಳುವುದು "ಎಲ್ಲಿಂದ ಬರುತ್ತೆ?" ಅಂತ. ನನಗೆ ಆ ಪ್ರಶ್ನೆಯ ಮೇಲೆ ಅಷ್ಟು ನಂಬಿಕೆ ಇಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಉಕ್ಕಿನಲ್ಲಿ 5000 ಮೀಟರಿಗೂ ಜಾಸ್ತಿ. ಎಡ ಚಕ್ರದ ಹತ್ತಿರ ಏನಾದರೂ ಬಡಿದರೆ ಆ ಪೆಟ್ಟು ಆಕ್ಸಲ್, ಸ್ಪ್ರಿಂಗ್, ಚಾಸಿ, ಸ್ಟೀರಿಂಗ್ ಕಾಲಂ ಹಿಡಿದು ಕಣ್ಣು ಮಿಟುಕಿಸುವ ಮೊದಲೇ ಡ್ರೈವರ್ ಕಾಲಿಗೆ ಬಂದಿರುತ್ತದೆ. ಅವನಿಗೆ ಕೇಳಿಸಿದ ಜಾಗ ಸುಳ್ಳಲ್ಲ. ಆದರೆ ಅದು ಶಬ್ದ ಹೊರಬಂದ ಬಾಗಿಲು, ಹುಟ್ಟಿದ ಜಾಗ ಅಲ್ಲ. ಅದಕ್ಕೇ ನಾನು "ಯಾವಾಗ ಬರುತ್ತೆ?" ಅಂತ ಕೇಳುತ್ತೇನೆ. ಬ್ರೇಕ್ ಹಿಡಿದಾಗಲಾ? ಬಿಟ್ಟಾಗಲಾ? ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗಲಾ? ಗುಂಡಿಗೆ ಒಂದೇ ಚಕ್ರ ಇಳಿದಾಗಲಾ, ಎರಡೂ ಒಟ್ಟಿಗೆ ಇಳಿದಾಗಲಾ? ಲೋಡ್ ಇದ್ದಾಗಲಾ, ಖಾಲಿ ಇದ್ದಾಗಲಾ? ಪ್ರತಿಯೊಂದರಲ್ಲೂ ಮುಂಭಾಗದ ಮೇಲೆ ಬೀಳುವ ಬಲ ಬೇರೆ. ಯಾವ ಬಲಕ್ಕೆ ಶಬ್ದ ಬರುತ್ತದೋ ಆ ಬಲವನ್ನು ಹೊರುವ ಪಾರ್ಟುಗಳು ಕೆಲವೇ ಇರುತ್ತವೆ.

ಡ್ರೈವರ್ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಕೆಟ್ಟ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಬರುತ್ತದೆ. ರಸ್ತೆಗೆ ಅಡ್ಡ ಇರುವ ಉಬ್ಬನ್ನು ನೇರವಾಗಿ ದಾಟಿದರೆ ಹೆಚ್ಚು ಕಡಿಮೆ ಬರುವುದಿಲ್ಲ. ಸ್ಟೀರಿಂಗ್ ತಿರುಗಿಸುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬ್ರೇಕ್ ಹಿಡಿದಾಗ "ಕೆಲವು ಸಲ". ಬೆಳಿಗ್ಗೆ ಜಾಸ್ತಿ. ಬೆಳಗಿನ ಶಬ್ದಕ್ಕೆ ಗ್ರೀಸ್ ಗಟ್ಟಿಯಾಗಿರುವುದೇ ಕಾರಣ ಅಂತ ಯಾರೋ ಅವನಿಗೆ ಹೇಳಿದ್ದರಂತೆ. ಇನ್ನೊಂದು ಮಾತನ್ನು ಅವನು ಹೋಗುವ ಹೊತ್ತಿಗೆ ಸೇರಿಸಿದ. ಗಟ್ಟಿಯಾಗಿ ಬ್ರೇಕ್ ಹಿಡಿದರೆ ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಅಡ್ಜಸ್ಟ್ ಮಾಡಿಸಿದರೂ ಸರಿ ಹೋಗಿಲ್ಲ.

ಆ ಕೊನೆಯ ಮಾತನ್ನು ಹಾಳೆಯ ಅಂಚಿನಲ್ಲಿ ಬರೆದೆ. ಅದನ್ನು ನಡುವೆ ಬರೆಯಬೇಕಿತ್ತು.

ಕೆಲಸಕ್ಕೆ ಇಳಿಯುವ ಮೊದಲು ಎರಡು ವಿಷಯ ನೋಡಿಯೇ ಮುಂದೆ ಹೋಗುತ್ತೇನೆ. ಒಂದು, ಚಕ್ರದ ನಟ್ಟುಗಳು. ಲೂಸಾದ ಚಕ್ರವೂ ಟಕ್ ಅನ್ನುತ್ತದೆ, ಅದನ್ನು ನೋಡದೆ ಗಾಡಿ ಓಡಿಸುವುದು ಅಪಾಯ. ನಟ್ಟಿನ ಬುಡದಿಂದ ಹೊರಗೆ ಹರಿದ ತುಕ್ಕಿನ ಗೆರೆ ಇದ್ದರೆ ಅದು ಲೂಸಿನ ಗುರುತು. ಇಲ್ಲಿ ಇರಲಿಲ್ಲ. ಎರಡು, ಕ್ಯಾಬಿನ್ ಮತ್ತು ಟೂಲ್ ಬಾಕ್ಸಿನಲ್ಲಿರುವ ಸಾಮಾನು. ಜಾಕಿನ ರಾಡು, ಪಾನಾ, ಚಕ್ರಕ್ಕೆ ಕೊಡುವ ಒತ್ತುಕಟ್ಟೆ, ನೀರಿನ ಕ್ಯಾನು, ಎಲ್ಲವನ್ನೂ ಕೆಳಗಿಳಿಸಿದೆ. ಕ್ಯಾಬಿನ್ ಲಾಕ್ ಸರಿಯಾಗಿ ಕೂತಿದೆಯಾ, ಕ್ಯಾಬಿನ್ ಕೆಳಗಿನ ರಬ್ಬರುಗಳು ಹರಿದಿವೆಯಾ ಅಂತಲೂ ನೋಡಿದೆ. ಎಲ್ಲ ಸರಿ ಇತ್ತು.

ಆಮೇಲೆ ಜಾಕ್. ಹಿಂದಿನ ಚಕ್ರಗಳಿಗೆ ಒತ್ತು ಕೊಟ್ಟು, ಆಕ್ಸಲ್ ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟ ಮೇಲೇ ಚಕ್ರ ಮುಟ್ಟಿದ್ದು. ಬರೀ ಜಾಕಿನ ಮೇಲೆ ನಿಂತ ಲಾರಿಯ ಕೆಳಗೆ ತಲೆ ಹಾಕಬೇಡಿ ಅಂತ ಹೊಸ ಹುಡುಗರಿಗೆ ಎಷ್ಟು ಸಲ ಹೇಳಿದರೂ ಸಾಲದು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಎರಡು ಕಡೆಯಿಂದ ಪ್ಲೇ, ಅಂದರೆ ಸಡಿಲದ ಅಲ್ಲಾಟ, ಬರಬಹುದು. ಹಬ್ ಬೇರಿಂಗ್ ಅಥವಾ ಕಿಂಗ್ ಪಿನ್. ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ಪ್ಲೇ ನಿಂತರೆ ಅದು ಬೇರಿಂಗಿನದು. ಬ್ರೇಕ್ ಒತ್ತಿದರೂ ಉಳಿದರೆ ಕಿಂಗ್ ಪಿನ್ನಿನದು. ಪಕ್ಕಕ್ಕೆ ಹಿಡಿದು ಅಲ್ಲಾಡಿಸಿದರೆ ಟೈ ರಾಡು, ಡ್ರ್ಯಾಗ್ ಲಿಂಕಿನ ಕೀಲುಗಳು ಗೊತ್ತಾಗುತ್ತವೆ. ಇಲ್ಲಿ ಯಾವುದರಲ್ಲೂ ಏನೂ ಇಲ್ಲ. ಹೊಸ ಪಾರ್ಟುಗಳು, ಬಿಗಿಯಾಗೇ ಇದ್ದವು. ಗಾಡಿಯನ್ನು ನೆಲಕ್ಕಿಳಿಸಿ, ಎಂಜಿನ್ ಚಾಲೂ ಇಟ್ಟು, ಡ್ರೈವರ್ ಕೈಯಲ್ಲಿ ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪ ಎಡಬಲ ಮಾಡಿಸಿದೆ. ಪ್ರತಿ ಕೀಲಿನ ಮೇಲೂ ಕೈಯಿಟ್ಟು ನೋಡಿದೆ. ಲೂಸಾದ ಕೀಲಿನ ಪೆಟ್ಟು ಕಿವಿಗಿಂತ ಅಂಗೈಗೆ ಬೇಗ ತಿಳಿಯುತ್ತದೆ. ಅಲ್ಲೂ ಏನೂ ಸಿಗಲಿಲ್ಲ.

ಹಾಳೆಗೆ ವಾಪಸ್ ಬಂದೆ. ಉಬ್ಬನ್ನು ನೇರ ದಾಟಿದರೆ ಶಬ್ದ ಇಲ್ಲ, ಕೆಟ್ಟ ರಸ್ತೆಯಲ್ಲಿ ಇದೆ. ಎರಡಕ್ಕೂ ಏನು ವ್ಯತ್ಯಾಸ? ಉಬ್ಬಿನ ಮೇಲೆ ಎರಡೂ ಚಕ್ರ ಒಟ್ಟಿಗೆ ಏರುತ್ತವೆ. ಕೆಟ್ಟ ರಸ್ತೆಯಲ್ಲಿ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಆ್ಯಂಟಿ ರೋಲ್ ಬಾರ್ ಕೆಲಸ ಮಾಡುವುದು ಎರಡನೆಯ ಸಂದರ್ಭದಲ್ಲಿ. ಎರಡೂ ಚಕ್ರ ಒಟ್ಟಿಗೆ ಏರಿದರೆ ಆ ಬಾರು ತನ್ನ ಬುಷ್‌ಗಳಲ್ಲಿ ಸುಮ್ನೆ ತಿರುಗಿಕೊಳ್ಳುತ್ತದೆ. ಒಂದೇ ಏರಿದರೆ ಅದು ತಿರುಚಿಕೊಳ್ಳಬೇಕು, ಆಗ ತುದಿಯ ಲಿಂಕುಗಳ ಮೇಲೆ ಬಲ ಬೀಳುತ್ತದೆ.

ಒಂದು ದಪ್ಪ ಹಲಗೆ ತಂದು ಎಡ ಚಕ್ರದ ಮುಂದೆ ಮಾತ್ರ ಇಟ್ಟೆ. ಲಾರಿ ನಿಧಾನವಾಗಿ ಏರಿತು, ಟಕ್. ಇಳಿಯಿತು, ಟಕ್. ಎರಡೂ ಚಕ್ರಗಳ ಮುಂದೆ ಹಲಗೆ ಇಟ್ಟು ಹತ್ತಿಸಿದಾಗ ಸದ್ದೇ ಇಲ್ಲ. ಚಕ್ರ ಹಲಗೆಯ ಮೇಲಿರುವಾಗಲೇ ಗಾಡಿ ನಿಲ್ಲಿಸಿ, ಒತ್ತು ಕೊಟ್ಟು, ಎಡ ಲಿಂಕಿಗೆ ಟಾಮಿ (ಮೀಟುವ ಕಬ್ಬಿಣದ ರಾಡು) ಹಾಕಿ ಮೀಟಿದೆ. ಬುಷ್‌ನ ರಬ್ಬರು ಸವೆದು ಒಳಗಿನ ಕೊಳವೆ ಅಲ್ಲಾಡುತ್ತಿತ್ತು. ಖಚಿತ ಮಾಡಿಕೊಳ್ಳಲು ಎರಡೂ ಲಿಂಕ್ ಬಿಚ್ಚಿ, ಬಾರನ್ನು ಯಾವುದಕ್ಕೂ ತಾಗದ ಹಾಗೆ ಮೇಲೆ ಕಟ್ಟಿ, ಅಂಗಳದೊಳಗೇ ನಡಿಗೆಯ ವೇಗದಲ್ಲಿ ಹಲಗೆ ಹತ್ತಿಸಿದೆ. ಟಕ್ ಇಲ್ಲ. ಎರಡೂ ಕಡೆ ಹೊಸ ಲಿಂಕ್ ಹಾಕಿ, ಹೊರಗೆ ಕೆಟ್ಟ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದೆ. ಬ್ರೇಕನ್ನೂ ಹತ್ತಾರು ಸಲ ಹಿಡಿದು ನೋಡಿದೆ. ಏನೂ ಶಬ್ದ ಇರಲಿಲ್ಲ. ಗಾಡಿ ಕೊಟ್ಟು ಕಳಿಸಿದೆ.

ಮಾರನೇ ದಿನ ಬೆಳಿಗ್ಗೆ ಫೋನ್ ಬಂತು. "ಅಣ್ಣಾ, ಟಕ್ ಟಕ್ ಅನ್ನೋದು ಹೋಗಿದೆ. ಆ ದೊಡ್ಡದು ಹಾಗೇ ಇದೆ."

ದೊಡ್ಡದು ಅಂದರೆ? ಇನ್ನೊಂದು ಶಬ್ದ ಇದೆ ಅಂತ ನನಗೆ ಗೊತ್ತಾದದ್ದೇ ಆಗ.

ಇಡೀ ಪ್ರಕರಣದಲ್ಲಿ ಎಲ್ಲರೂ ಎಡವಿದ ಜಾಗ ಇದು, ನಾನೂ ಸೇರಿ. ಇದ್ದದ್ದು ಎರಡು ಶಬ್ದ. ಒಂದು ಸಣ್ಣ ಟಕ್, ಒಂದು ಭಾರವಾದ ಧಡ್. ಡ್ರೈವರ್ ಎರಡನ್ನೂ ಸೇರಿಸಿ "ಹೊಡೀತಾ ಇದೆ" ಅನ್ನುತ್ತಿದ್ದ, ನಾವೂ ಒಂದೇ ಅಂದುಕೊಂಡು ಹುಡುಕುತ್ತಿದ್ದೆವು. ಎರಡು ಕಾಯಿಲೆ ಇರುವಾಗ ಒಂದಕ್ಕೆ ಮದ್ದು ಕೊಟ್ಟರೆ ರೋಗಿ ಇನ್ನೂ ನರಳುತ್ತಾನೆ, ಕೊಟ್ಟ ಮದ್ದೇ ತಪ್ಪು ಅನ್ನಿಸುತ್ತದೆ. ಮೊದಲು ಹಾಕಿದ ಕಿಂಗ್ ಪಿನ್ನೂ ನಿಜಕ್ಕೂ ಸವೆದಿದ್ದಿರಬಹುದು. ಬಿಚ್ಚಿದ ಹಳೆಯ ಪಾರ್ಟುಗಳನ್ನು ಯಾರೂ ಇಟ್ಟಿರಲಿಲ್ಲ, ಹಾಗಾಗಿ ಅದನ್ನು ತಿಳಿಯುವ ದಾರಿ ಮುಚ್ಚಿತ್ತು. ಗಾಡಿ ಮಾಲೀಕರು ಹಳೆಯ ಪಾರ್ಟನ್ನು ಕೇಳಿ ಪಡೆದು ಒಂದು ತಿಂಗಳಾದರೂ ಇಟ್ಟುಕೊಳ್ಳಬೇಕು. ಸವೆತದ ಗುರುತಿನಷ್ಟು ನೇರವಾಗಿ ವಿಷಯ ಹೇಳುವುದು ಬೇರೆ ಯಾವುದೂ ಇಲ್ಲ.

ಲಾರಿ ಮತ್ತೆ ಬಂತು. ಈ ಸಲ ನಾನು ಡ್ರೈವರನ್ನು ಕೂರಿಸಿಕೊಂಡು ಬೆಳಗಿನ ಹೊತ್ತಿನ ಬಗ್ಗೆ ಒಂದೊಂದಾಗಿ ಕೇಳಿದೆ. ಗಾಡಿ ಎಲ್ಲಿ ನಿಲ್ಲಿಸುತ್ತೀಯ? ಗೋಡೆಗೆ ಮುಖ ಮಾಡಿ. ಬೆಳಿಗ್ಗೆ ಹೇಗೆ ತೆಗೀತೀಯ? ರಿವರ್ಸ್‌ನಲ್ಲಿ. ಆಮೇಲೆ? ಗೇಟಿನ ತನಕ ಮುಂದೆ ಬಂದು ನಿಲ್ಲಿಸುತ್ತೇನೆ, ಅಲ್ಲೇ ಧಡ್ ಅನ್ನುವುದು. ಗೇಟು ದಾಟಿದ ಮೇಲೆ? ಯೋಚಿಸಿದ. "ಆಮೇಲೆ ಇಲ್ಲ ಅಣ್ಣಾ. ಲೋಡ್ ಇಳಿಸೋ ಜಾಗದಲ್ಲಿ ಮತ್ತೆ."

ಲೋಡ್ ಇಳಿಸುವ ಜಾಗದಲ್ಲೂ ರಿವರ್ಸ್ ತೆಗೆಯಲೇಬೇಕು, ಅಲ್ವಾ?

ನನ್ನ ಮೈ ಜುಮ್ ಅಂದಿತು. ಶಬ್ದಕ್ಕೂ ಬೆಳಗಿನ ಚಳಿಗೂ ಸಂಬಂಧವೇ ಇರಲಿಲ್ಲ. ರಿವರ್ಸ್ ಆದ ಮೇಲಿನ ಮೊದಲ ಬ್ರೇಕಿಗೆ ಅದು ಬರುತ್ತಿತ್ತು. ನಾನು ಟೆಸ್ಟ್ ಮಾಡುವಾಗ ಗಾಡಿಯನ್ನು ಮುಂದೆಯೇ ಓಡಿಸಿ ಸುತ್ತು ಹಾಕಿ ಬಂದಿದ್ದೆ. ಒಂದು ಸಲವೂ ಹಿಂದೆ ತೆಗೆದಿರಲಿಲ್ಲ. ಪಾರ್ಟ್ ಬದಲಾಯಿಸಿದ ಮೇಲೆ "ಎರಡು ದಿನ ಸುಮ್ನಿರುತ್ತೆ" ಅಂತ ಅವನು ಹೇಳಿದ್ದೂ ಈಗ ಅರ್ಥವಾಯಿತು. ದೂರದ ಬಾಡಿಗೆಗೆ ಹೋದ ದಿನಗಳಲ್ಲಿ ರಿವರ್ಸ್ ಕೆಲಸ ಕಡಿಮೆ ಇರುತ್ತದೆ.

ಇದರ ಹಿಂದಿನ ಲೆಕ್ಕ ಸರಳ. ಧಡ್ ಅನ್ನಬೇಕಾದರೆ ಏನೋ ಒಂದು ಜರುಗಿ, ಇನ್ನೊಂದಕ್ಕೆ ಬಡಿದು ನಿಲ್ಲಬೇಕು. ಮುಂದೆ ಹೋಗುವಾಗ ಬ್ರೇಕ್ ಹಿಡಿದರೆ ರಸ್ತೆ ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ. ಲೂಸಾದ ಭಾಗ ಹಿಂದಕ್ಕೆ ಜರುಗಿ ಬಡಿದು ನಿಲ್ಲುತ್ತದೆ. ಮುಂದಿನ ಸಲ ಬ್ರೇಕ್ ಹಿಡಿದಾಗ ಅದು ಆಗಲೇ ಹಿಂದೆ ಒತ್ತಿಕೊಂಡಿದೆ, ಜರುಗಲು ಜಾಗವಿಲ್ಲ, ಶಬ್ದವಿಲ್ಲ. ರಿವರ್ಸ್‌ನಲ್ಲಿ ಬ್ರೇಕ್ ಹಿಡಿದರೆ ಅದೇ ಭಾಗ ಮುಂದಕ್ಕೆ ಬರುತ್ತದೆ. ಮತ್ತೆ ಮುಂದೆ ಹೋಗಿ ಬ್ರೇಕ್ ಹಿಡಿದಾಗ ಇನ್ನೊಂದು ಧಡ್. ದಿಕ್ಕು ಬದಲಾದಾಗ ಒಂದೇ ಒಂದು ಸಲ ಬರುವ ಶಬ್ದ ಎಂದರೆ ಉದ್ದಕ್ಕೆ, ಅಂದರೆ ಮುಂದಕ್ಕೂ ಹಿಂದಕ್ಕೂ, ಏನೋ ಜರುಗುತ್ತಿದೆ ಎಂದು ಅರ್ಥ.

ಈಗ ಬ್ರೇಕಿನ ಬಲ ಟೈರಿನಿಂದ ಚಾಸಿಗೆ ಹೋಗುವ ದಾರಿಯನ್ನು ಹಿಡಿದರೆ ಸಾಕು. ಟೈರಿನಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ಬ್ರೇಕ್ ಶೂಗೆ, ಶೂನಿಂದ ಬ್ರೇಕ್ ಪ್ಲೇಟಿಗೆ, ಅಲ್ಲಿಂದ ಚಕ್ರ ಹೊರುವ ಸ್ಟಬ್ ಆಕ್ಸಲ್‌ಗೆ, ಕಿಂಗ್ ಪಿನ್ ದಾಟಿ ಆಕ್ಸಲ್‌ಗೆ, ಆಕ್ಸಲ್‌ನಿಂದ ಸ್ಪ್ರಿಂಗಿಗೆ, ಸ್ಪ್ರಿಂಗಿನ ಮುಂದಿನ ಕಣ್ಣಿನ ಪಿನ್ನಿನಿಂದ ಬ್ರಾಕೆಟ್ಟಿಗೆ, ಬ್ರಾಕೆಟ್ಟಿನಿಂದ ಚಾಸಿಗೆ. ಲೂಸ್ ಈ ದಾರಿಯಲ್ಲೇ ಎಲ್ಲೋ ಇರಬೇಕು. ಶಾಕ್ ಅಬ್ಸಾರ್ಬರ್ ಈ ದಾರಿಯಲ್ಲೇ ಇಲ್ಲ. ಟೈ ರಾಡೂ ಇಲ್ಲ.

ಜಾಕಿನ ಮೇಲಿದ್ದಾಗ ಇದು ಸಿಗದೇ ಇದ್ದದ್ದೂ ಸಹಜವೇ. ಲಾರಿಯ ಬ್ರೇಕು ಟನ್ ಲೆಕ್ಕದಲ್ಲಿ ತಳ್ಳುತ್ತದೆ. ನನ್ನ ಎರಡು ಕೈ, ಒಂದು ಟಾಮಿ ಆ ಲೆಕ್ಕಕ್ಕೆ ಏನೂ ಅಲ್ಲ. ಶಬ್ದ ಮಾಡಿಸಬೇಕಾದರೆ ಬ್ರೇಕಿನಿಂದಲೇ ಮಾಡಿಸಬೇಕು, ನಾನು ದೂರ ನಿಂತು ನೋಡಬೇಕು.

ಬಿಳಿ ಪೇಂಟ್ ಮಾರ್ಕರ್ ತಗೊಂಡು, ಅಲ್ಲಾಡಬಾರದ ಜೋಡಣೆಗಳ ಮೇಲೆಲ್ಲ ಅಡ್ಡ ಗೆರೆ ಎಳೆದೆ. ಬ್ರಾಕೆಟ್ಟಿನಿಂದ ಚಾಸಿಗೆ ಒಂದು. ಸ್ಪ್ರಿಂಗಿನಿಂದ, ಅದು ಕೂರುವ ಆಕ್ಸಲ್ ಪ್ಯಾಡಿಗೆ ಒಂದು. ಬ್ರೇಕ್ ಪ್ಲೇಟಿನಿಂದ ಸ್ಟಬ್ ಆಕ್ಸಲ್‌ಗೆ ಒಂದು. ಎರಡೂ ಕಡೆ ಹೀಗೇ. ಗೆರೆ ಎಳೆಯುವ ಮುಂಚೆ ಆ ಜಾಗವನ್ನು ಒರೆಸಬೇಕು, ಇಲ್ಲದಿದ್ದರೆ ಗೆರೆ ಕೂರುವುದು ಮಣ್ಣಿನ ಮೇಲೆ. ಸ್ಪ್ರಿಂಗಿನ ಕಣ್ಣು, ಅದರ ತುದಿಯ ಕೊಂಡಿಯಾದ ಶ್ಯಾಕಲ್ ಇವು ತಿರುಗಲೇಬೇಕಾದ ಜಾಗಗಳು, ಅಲ್ಲಿ ಗೆರೆಯಿಂದ ಉಪಯೋಗವಿಲ್ಲ. ಅದಕ್ಕಾಗಿ ಮೊಬೈಲನ್ನು ಚಾಸಿಗೆ ಕ್ಲ್ಯಾಂಪ್ ಮಾಡಿ, ಸ್ಪ್ರಿಂಗ್ ಪೂರ್ತಿ ಕಾಣುವ ಹಾಗೆ ಸ್ಲೋ ಮೋಷನ್ ವಿಡಿಯೋಗೆ ಹಾಕಿದೆ.

ಸಮತಟ್ಟಾದ ಜಾಗ. ಮುಂದೆ ಹಿಂದೆ ಯಾರೂ ಇಲ್ಲ. ನಾನು ಪಕ್ಕದಲ್ಲಿ, ಡ್ರೈವರಿಗೆ ಕಾಣುವ ಹಾಗೆ, ಕೆಲವು ಮೀಟರ್ ದೂರ ನಿಂತೆ. ಎರಡು ಮೀಟರ್ ಹಿಂದೆ ತೆಗೆದು ಬ್ರೇಕ್. ಧಡ್. ಎರಡು ಮೀಟರ್ ಮುಂದೆ, ಬ್ರೇಕ್. ಧಡ್. ಇನ್ನೆರಡು ಮೀಟರ್ ಮುಂದೆ, ಬ್ರೇಕ್. ಸದ್ದಿಲ್ಲ. ಮತ್ತೆ ಮುಂದೆ, ಬ್ರೇಕ್. ಸದ್ದಿಲ್ಲ. ಹಿಂದೆ, ಧಡ್.

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದ. ಅವನಿಗೂ ಹೊಳೆದಿತ್ತು. ಇಷ್ಟು ದಿನ ಬೇಕೆಂದಾಗ ಬಾರದ, ಬೇಡವಾದಾಗ ಬರುತ್ತಿದ್ದ ಶಬ್ದ ಈಗ ಕರೆದಾಗಲೆಲ್ಲ ಬರುತ್ತಿತ್ತು. ಶಬ್ದವನ್ನು ಬೇಕೆಂದಾಗ ತರಿಸಲು ಬಂದರೆ ಕೆಲಸ ಮುಕ್ಕಾಲು ಮುಗಿದ ಹಾಗೆ.

ಎಂಜಿನ್ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಗಳಿಗೆ ಒತ್ತು ಕೊಟ್ಟು ಟಾರ್ಚ್ ಹಿಡಿದು ಬಗ್ಗಿದೆ. ಬಲಗಡೆಯ ಗೆರೆಗಳೆಲ್ಲ ನೆಟ್ಟಗಿದ್ದವು. ಎಡಗಡೆ ಬ್ರಾಕೆಟ್ಟಿನ ಗೆರೆ ಸರಿ. ಬ್ರೇಕ್ ಪ್ಲೇಟಿನ ಗೆರೆ ಸರಿ. ಸ್ಪ್ರಿಂಗಿಗೂ ಆಕ್ಸಲ್‌ಗೂ ನಡುವಿನ ಗೆರೆ ಮುರಿದಿತ್ತು. ಮೇಲಿನ ಅರ್ಧ ಒಂದು ಕಡೆ, ಕೆಳಗಿನ ಅರ್ಧ ಇನ್ನೊಂದು ಕಡೆ, ನಡುವೆ ಎರಡು ಮೂರು ಮಿಲಿಮೀಟರ್. ವಿಡಿಯೋದಲ್ಲೂ ಅದೇ ಕಂಡಿತು. ಸ್ಪ್ರಿಂಗ್ ಇದ್ದಲ್ಲೇ ಇದೆ, ಅದರ ಕೆಳಗೆ ಇಡೀ ಆಕ್ಸಲ್ ಒಮ್ಮೆ ಜಾರಿ ನಿಲ್ಲುತ್ತದೆ.

ಬಲಗಾಲ ಕೆಳಗೆ ಕೇಳಿಸುತ್ತಿದ್ದ ಶಬ್ದ ಹುಟ್ಟುತ್ತಿದ್ದದ್ದು ಎಡ ಚಕ್ರದ ಪಕ್ಕದಲ್ಲಿ.

ಹತ್ತಿರದಿಂದ ನೋಡಿದರೆ ಇನ್ನೊಂದು ಗುರುತೂ ಇತ್ತು. ಸ್ಪ್ರಿಂಗ್ ಮತ್ತು ಪ್ಯಾಡಿನ ಸಂದಿಯಲ್ಲಿ ಇಟ್ಟಿಗೆ ಪುಡಿಯಂಥ ಕೆಂಪು ಧೂಳು. ಬಿಗಿಯಾಗಿರಬೇಕಾದ ಎರಡು ಉಕ್ಕಿನ ಮೈಗಳು ಒಂದಕ್ಕೊಂದು ಸಣ್ಣಗೆ ಉಜ್ಜಿದಾಗ ಉದುರುವ ಪುಡಿ ಅದು. ಮೊದಲ ದಿನವೇ ಅದು ಅಲ್ಲಿ ಇದ್ದಿರಬೇಕು. ರಸ್ತೆಯ ಮಣ್ಣಿನ ಬಣ್ಣವೂ ಹೆಚ್ಚು ಕಡಿಮೆ ಅದೇ ಇತ್ತು, ನನ್ನ ಕಣ್ಣು ಅದನ್ನು ಮಣ್ಣು ಅಂತಲೇ ದಾಟಿಬಿಟ್ಟಿತ್ತು.

ಎಡಕ್ಕೆ ಎಳೆಯುವುದಕ್ಕೂ ಇದರಲ್ಲೇ ಉತ್ತರ ಇತ್ತು. ಬ್ರೇಕ್ ಹಿಡಿದಾಗ ಆಕ್ಸಲ್‌ನ ಎಡ ತುದಿ ಮಾತ್ರ ಹಿಂದೆ ಸರಿದರೆ ಆಕ್ಸಲ್ ಓರೆಯಾಗುತ್ತದೆ, ಚಕ್ರಗಳ ಮುಖ ಎಡಕ್ಕೆ ಹೊರಳುತ್ತದೆ. ಬ್ರೇಕನ್ನು ಎಷ್ಟು ಅಡ್ಜಸ್ಟ್ ಮಾಡಿದರೂ ಅದು ಸರಿಹೋಗುವಂಥದ್ದಲ್ಲ. ನಾನು ಹಾಳೆಯ ಅಂಚಿಗೆ ತಳ್ಳಿದ್ದ ಮಾತು ಇದೇ.

ಸ್ಪ್ರಿಂಗನ್ನು ಆಕ್ಸಲ್ಲಿಗೆ ಒತ್ತಿ ಹಿಡಿಯುವ, U ಆಕಾರದ ಎಡಗಡೆಯ ಯು ಬೋಲ್ಟುಗಳ ನಟ್ಟಿಗೆ ಟಾರ್ಕ್ ವ್ರೆಂಚ್ (ಬಿಗಿಯನ್ನು ಅಳೆಯುವ ಪಾನಾ) ಹಾಕಿದರೆ, ಇರಬೇಕಾದ ಬಿಗಿಯ ಹತ್ತಿರವೂ ಇರಲಿಲ್ಲ. ನಟ್ಟು ಕೈಯಲ್ಲಿ ತಿರುಗುವಷ್ಟು ಸಡಿಲವೇನಲ್ಲ. ಸಾಮಾನ್ಯ ಪಾನಾ ಹಾಕಿ ನೋಡುವವರಿಗೆ "ಟೈಟಾಗೇ ಇದೆ" ಅನ್ನಿಸುತ್ತದೆ. ಮೋಸ ಹೋಗುವುದು ಇಲ್ಲೇ. ಯು ಬೋಲ್ಟಿಗೆ ಬೇಕಾದ ಬಿಗಿ ನೂರಾರು ನ್ಯೂಟನ್ ಮೀಟರ್. ಗಾಡಿ ಮಾಡಿದವರ ಪುಸ್ತಕದಲ್ಲಿ ಆಯಾ ಗಾತ್ರಕ್ಕೆ ತಕ್ಕ ಅಂಕಿ ಇರುತ್ತದೆ. ಅಂದಾಜಿನ ಕೈಗೆ ಅದು ಸಿಗುವುದಿಲ್ಲ.

ಆಕ್ಸಲ್‌ನ ಭಾರಕ್ಕೆ ಸ್ಟ್ಯಾಂಡ್ ಕೊಟ್ಟು ಎಡ ಸ್ಪ್ರಿಂಗನ್ನು ಬಿಚ್ಚಿದೆವು. ಒಳಗೆ ಕಂಡದ್ದನ್ನು ನೋಡಿ ಡ್ರೈವರ್ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಸ್ಪ್ರಿಂಗ್ ಪಟ್ಟಿಗಳ ನಡುವೆ ತೂರಿರುವ ಸೆಂಟರ್ ಬೋಲ್ಟಿನ ತಲೆಯ ಒಂದು ಪಕ್ಕ ತಿಂದುಹೋಗಿ ಮೆಟ್ಟಿಲಿನ ಹಾಗೆ ಆಗಿತ್ತು. ಬೋಲ್ಟು ತುಸು ಬಾಗಿಯೂ ಇತ್ತು. ಬ್ರೇಕಿನ ಪೂರ್ತಿ ಬಲವನ್ನು ಆ ಒಂದು ಬೋಲ್ಟೇ ತಡೆಯುತ್ತಿತ್ತು. ಅದು ಅದರ ಕೆಲಸವೇ ಅಲ್ಲ. ಪಟ್ಟಿಗಳನ್ನು ಒಟ್ಟಿಗೆ ಹಿಡಿಯುವುದು, ಸ್ಪ್ರಿಂಗ್ ಕೂರಬೇಕಾದ ಜಾಗ ತೋರಿಸುವುದು, ಅಷ್ಟೇ ಅದರ ಕೆಲಸ. ಆಕ್ಸಲ್ ಜಾರದ ಹಾಗೆ ಹಿಡಿಯಬೇಕಾದದ್ದು ಯು ಬೋಲ್ಟುಗಳ ಒತ್ತಡದಿಂದ ಹುಟ್ಟುವ ಘರ್ಷಣೆ. ಆ ಒತ್ತಡ ಹೋದರೆ ಸೆಂಟರ್ ಬೋಲ್ಟು ಒಂದು ದಿನ ತುಂಡಾಗುತ್ತದೆ. ಆಗ ಆಕ್ಸಲ್‌ನ ಒಂದು ತುದಿ ಹಿಂದಕ್ಕೆ ಹೋಗಿಬಿಡುತ್ತದೆ, ಗಾಡಿ ಸ್ಟೀರಿಂಗಿನ ಮಾತು ಕೇಳುವುದಿಲ್ಲ.

ಪಟ್ಟಿಗಳನ್ನು ಬೇರೆ ಮಾಡಿ, ತೊಳೆದು, ಒಂದೊಂದನ್ನೂ ಬೆಳಕಿಗೆ ಹಿಡಿದೆ. ಎರಡನೆಯ ಪಟ್ಟಿಯಲ್ಲಿ ಸೆಂಟರ್ ಬೋಲ್ಟಿನ ತೂತಿನ ಅಂಚಿನಿಂದ ಕೂದಲೆಳೆಯಷ್ಟು ಬಿರುಕು ಹೊರಟಿತ್ತು. ಇದೂ ಅದೇ ಲೂಸಿನ ಫಲ. ಯು ಬೋಲ್ಟು ಬಿಗಿಯಾಗಿದ್ದರೆ ನಡುವಿನ ಆ ಭಾಗ ಬಾಗುವುದೇ ಇಲ್ಲ, ಬಾಗುವುದೆಲ್ಲ ಅದರ ಆಚೆ ಈಚೆ. ಸಡಿಲವಾದರೆ ತೂತಿರುವ, ಅಂದರೆ ಎಲ್ಲಕ್ಕಿಂತ ಸೊರಗಿದ ಜಾಗವೇ ಬಾಗಲು ಶುರುಮಾಡುತ್ತದೆ. ಲೀಫ್ ಸ್ಪ್ರಿಂಗ್ ನಟ್ಟನಡುವೆ ತೂತಿನಲ್ಲೇ ತುಂಡಾಗಿದ್ದರೆ ನಾನು ಪಟ್ಟಿಯನ್ನು ಬೈಯುವುದಿಲ್ಲ, ಯು ಬೋಲ್ಟನ್ನು ನೋಡುತ್ತೇನೆ.

ಆದರೆ ಯು ಬೋಲ್ಟು ಲೂಸಾದದ್ದಾದರೂ ಯಾಕೆ? ಇದನ್ನು ಕಂಡುಹಿಡಿಯದೆ ಸುಮ್ನೆ ಬಿಗಿ ಮಾಡಿ ಕಳಿಸಿದ್ದರೆ ಲಾರಿ ಮತ್ತೆ ಬರುತ್ತಿತ್ತು. ಡ್ರೈವರನ್ನು ಕೇಳಿದಾಗ, ನಾಲ್ಕು ತಿಂಗಳ ಹಿಂದೆ ಎಡ ಸ್ಪ್ರಿಂಗಿನ ಮೇಲಿನ ಪಟ್ಟಿ ತುಂಡಾಗಿ ಬದಲಾಯಿಸಿದ್ದು ನೆನಪಾಯಿತು. ಶಬ್ದ ಯಾವಾಗ ಶುರುವಾಯಿತು? ಅದಾಗಿ ಒಂದು ತಿಂಗಳಿಗೆ. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ, ಅವನೂ ಎರಡನ್ನೂ ಸೇರಿಸಿ ನೋಡಿರಲಿಲ್ಲ.

ಆಗ ಎರಡು ತಪ್ಪು ಆಗಿದ್ದವು. ಹಳೆಯ ಯು ಬೋಲ್ಟುಗಳನ್ನೇ ಮತ್ತೆ ಹಾಕಿದ್ದರು. ಬಿಗಿ ಮಾಡಿದಾಗ ಯು ಬೋಲ್ಟು ರಬ್ಬರಿನ ಹಾಗೆ ಒಂದಿಷ್ಟು ಹಿಗ್ಗುತ್ತದೆ, ಆ ಹಿಗ್ಗಿದ ಸೆಳೆತವೇ ಹಿಡಿತ. ಒಮ್ಮೆ ಪೂರ್ತಿ ಬಿಗಿದು ವರ್ಷಗಟ್ಟಲೆ ದುಡಿದ ಬೋಲ್ಟಿನ ಮರೆ (ಥ್ರೆಡ್) ಸವೆದಿರುತ್ತದೆ, ಮೈ ಸೋತಿರುತ್ತದೆ. ಅದು ಮತ್ತೆ ಅದೇ ಹಿಡಿತ ಕೊಡುತ್ತದೆ ಅಂತ ನಂಬುವ ಹಾಗಿಲ್ಲ. ಎರಡನೆಯದು ನನಗೆ ಜಾಸ್ತಿ ಬೇಸರ ತಂದ ತಪ್ಪು. ಸ್ಪ್ರಿಂಗ್ ಚೆನ್ನಾಗಿ ಕಾಣಲಿ ಅಂತ ಎಲ್ಲ ಕಡೆ ದಪ್ಪಗೆ ಕಪ್ಪು ಪೇಂಟ್ ಬಳಿದು ಜೋಡಿಸಿದ್ದರು. ಆಕ್ಸಲ್ ಪ್ಯಾಡಿನ ಮೇಲೂ, ಸ್ಪ್ರಿಂಗ್ ಕೂರುವ ಕೆಳಮೈಗೂ, ಮೇಲಿನ ಪ್ಲೇಟಿನ ಅಡಿಗೂ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ. ಆದರೆ ಲೋಡಿನ ಕೆಳಗೆ ಆ ಪೇಂಟ್ ನುಗ್ಗಾಗಿ, ಪುಡಿಯಾಗಿ ಹೊರಗೆ ಬಂದುಬಿಡುತ್ತದೆ. ಬೋಲ್ಟು ಹಿಗ್ಗಿರುವುದೇ ಒಂದು ಮಿಲಿಮೀಟರಿಗಿಂತ ಕಡಿಮೆ. ಪೇಂಟಿನ ದಪ್ಪ ಕಳೆದುಹೋದರೆ ಆ ಹಿಗ್ಗಿನಲ್ಲಿ ದೊಡ್ಡ ಭಾಗವೇ ಹೋಯಿತು. ನಟ್ಟು ಒಂದು ಕೂದಲಷ್ಟೂ ತಿರುಗದೆ ಹಿಡಿತ ಸೋರಿಹೋಗುತ್ತದೆ. ಬಿಗಿ ಮಾಡಿದವರ ಕೈಯಲ್ಲಿ ಟಾರ್ಕ್ ವ್ರೆಂಚ್ ಇದ್ದಿದ್ದರೂ ಇದು ತಪ್ಪುತ್ತಿರಲಿಲ್ಲ, ಆಮೇಲೆ ಮತ್ತೊಮ್ಮೆ ಬಿಗಿ ಮಾಡಿದ್ದರೆ ಮಾತ್ರ ತಪ್ಪುತ್ತಿತ್ತು. ಆ ಎರಡನೇ ಬಿಗಿಗೆ ಲಾರಿಯನ್ನು ಯಾರೂ ಕರೆದಿರಲಿಲ್ಲ.

ರಿಪೇರಿ ಏನೂ ಹೊಸತಲ್ಲ, ಬೇಗ ಹೇಳಿ ಮುಗಿಸುತ್ತೇನೆ. ಬಿರುಕು ಬಿಟ್ಟ ಪಟ್ಟಿ ಹೊಸದು. ಸೆಂಟರ್ ಬೋಲ್ಟು ಹೊಸದು. ಯು ಬೋಲ್ಟು, ನಟ್ಟು, ವಾಷರ್ ಎರಡೂ ಕಡೆ ಹೊಸದು, ಯಾಕೆಂದರೆ ಬಲಗಡೆಯವೂ ಅಷ್ಟೇ ವಯಸ್ಸಿನವು. ಆಕ್ಸಲ್ ಪ್ಯಾಡಿನಲ್ಲಿ ಸೆಂಟರ್ ಬೋಲ್ಟಿನ ತಲೆ ಕೂರುವ ತೂತನ್ನು ಅಳೆದೆ. ಅದು ಮೊಟ್ಟೆಯ ಆಕಾರಕ್ಕೆ ಹೋಗಿದ್ದರೆ ಕೆಲಸ ತುಂಬಾ ದೊಡ್ಡದಾಗುತ್ತಿತ್ತು. ಅದೃಷ್ಟಕ್ಕೆ ಅಂಚು ಮಾತ್ರ ಹೊಳಪಾಗಿತ್ತು, ಅಳತೆ ಮಿತಿಯೊಳಗಿತ್ತು. ಕೂರುವ ಮೈಗಳನ್ನೆಲ್ಲ ಉಜ್ಜಿ ಬರೀ ಲೋಹ ಕಾಣುವ ಹಾಗೆ ಮಾಡಿದೆವು. ಸೆಂಟರ್ ಬೋಲ್ಟಿನ ತಲೆ ತೂತಿನೊಳಗೆ ಪೂರ್ತಿ ಇಳಿದಿದೆ ಅಂತ ಕಣ್ಣಿಂದ ನೋಡಿದ ಮೇಲೇ ನಟ್ಟು ಹಾಕಿದ್ದು. ಲಾರಿಯ ಭಾರ ಚಕ್ರದ ಮೇಲೆ ಬಂದ ನಂತರ, ಎದುರು ಬದುರು ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ನಾಲ್ಕು ಸುತ್ತಿನಲ್ಲಿ ಪುಸ್ತಕದ ಅಂಕಿಗೆ ತಂದೆವು. ಒಂದೇ ನಟ್ಟನ್ನು ಒಂದೇ ಸಲ ಪೂರ್ತಿ ಬಿಗಿದರೆ ಸ್ಪ್ರಿಂಗ್ ಓರೆಯಾಗಿ ಕೂರುತ್ತದೆ. ಪ್ರತಿ ಕಾಲಿನಲ್ಲೂ ನಟ್ಟಿನಿಂದ ಹೊರಗೆ ಉಳಿದ ಮರೆ ಒಂದೇ ಸಮ ಇದೆಯಾ ಅಂತ ನೋಡಿದರೆ ಓರೆ ಇದ್ದದ್ದು ಗೊತ್ತಾಗುತ್ತದೆ.

ಆಮೇಲೆ ಮತ್ತೆ ಬಿಳಿ ಗೆರೆ. ಮತ್ತೆ ಎರಡು ಮೀಟರ್ ಹಿಂದೆ, ಬ್ರೇಕ್. ಎರಡು ಮೀಟರ್ ಮುಂದೆ, ಬ್ರೇಕ್. ಹತ್ತು ಸಲ ಮಾಡಿಸಿದೆ. ಹಲಗೆ ಇಟ್ಟು ಹತ್ತಿಸಿದೆ. ಹೊರಗೆ ಸುತ್ತು ಹೋಗಿ, ದಾರಿಯಲ್ಲಿ ಮೂರು ಕಡೆ ರಿವರ್ಸ್ ತೆಗೆದು ಬಂದೆ. ಆಕ್ಸಲ್ ಜಾಗ ಬದಲಾಗಿದ್ದರಿಂದ ವೀಲ್ ಅಲೈನ್‌ಮೆಂಟ್ ಕೂಡ ಮಾಡಿಸಿದೆವು.

ಡ್ರೈವರಿಗೆ ಒಂದೇ ಮಾತು ಹೇಳಿ ಕಳಿಸಿದೆ. "ಶಬ್ದ ಬರಲಿ ಬಿಡಲಿ, ಲೋಡ್ ಹಾಕ್ಕೊಂಡು ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಬಂದೇ ಬರಬೇಕು." ಶಬ್ದ ಇಲ್ಲದ ಗಾಡಿಯನ್ನು ಗ್ಯಾರೇಜಿಗೆ ತರುವುದು ಕಷ್ಟ, ಕೆಲಸ ನಿಲ್ಲುತ್ತದೆ. ಆದರೂ ಅವನು ಒಂದು ವಾರಕ್ಕೆ ಬಂದ. ಟಾರ್ಕ್ ವ್ರೆಂಚ್ ಹಾಕಿದಾಗ ನಟ್ಟುಗಳು ಇನ್ನೊಂದಿಷ್ಟು ತಿರುಗಿ ಆಮೇಲೆ ಕ್ಲಿಕ್ ಅಂದವು. ಹೊಸ ಪಟ್ಟಿ, ಉಜ್ಜಿದ ಮೈಗಳು ಒಂದಕ್ಕೊಂದು ಕೂತುಕೊಂಡದ್ದರ ಲೆಕ್ಕ ಅದು.

ಅವನೇ ಟಾರ್ಚ್ ಇಸಿದುಕೊಂಡು ಎಡ ಚಕ್ರದ ಹಿಂದೆ ಬಗ್ಗಿದ. ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದ. ಬಿಳಿ ಗೆರೆ ಸ್ಪ್ರಿಂಗಿನಿಂದ ಆಕ್ಸಲ್‌ಗೆ ನೆಟ್ಟಗೆ ಇಳಿದಿತ್ತು.